ಸೀಮಂತದ ಬೈತಲೆಯಿಂದ ಹದಿನೈದು ದಿನಗಳ ರಜೆಯವರೆಗೆ

ನಮ್ಮ ಕಚೇರಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಬರಹವನ್ನು ಆರಂಭಿಸುತ್ತೇನೆ. ಮುಂಬಯಿಯಲ್ಲಿರುವ ಕೇಂದ್ರ ಸರಕಾರದ ಕಚೇರಿಯೊಂದರ ಸಿಬ್ಬಂದಿ ವಿಭಾಗದಲ್ಲಿ ನಾನೊಬ್ಬ ಗುಮಾಸ್ತ. ಬಿ.ಎಸ್‌ಸಿ.ಯಲ್ಲಿ ರಸಾಯನಶಾಸ್ತ್ರ ಓದಿ, ಪ್ರಯೋಗಾಲಯದ ಕನಸು ಕಂಡು, ಕೊನೆಗೆ ರಜೆ ಅರ್ಜಿಗಳ ನಡುವೆ ನೆಲೆ ನಿಂತವನು. ಕೆಲವು ತಿಂಗಳ ಹಿಂದೆ, ಹೊಸದಾಗಿ ಸೇರಿದ ತರುಣನೊಬ್ಬ ನನ್ನ ಮೇಜಿನ ಮುಂದೆ ಬಂದು ನಿಂತ. ಅತ್ತಿತ್ತ ನೋಡಿ, ದನಿ ತಗ್ಗಿಸಿ, ಪಿತೃತ್ವ ರಜೆಗೆ ಅರ್ಜಿ ಹೇಗೆ ಬರೆಯಬೇಕೆಂದು ಕೇಳಿದ. ಪಕ್ಕದ ಮೇಜಿನ ಹಿರಿಯರ ಕಿವಿಗೆ ಅದು ಬಿದ್ದೇಬಿಟ್ಟಿತು. ಹೆರುವವಳು ಆಕೆ, ಮಲಗುವವನು ನೀನೋ ಎಂದು ಅವರು ಮರಾಠಿಯಲ್ಲಿ ಕೇಳಿದರು. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ನಗು ನನಗೆ ಸಲ್ಲುವಂಥದಾಗಿರಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಬಸುರಿಯ ಬಳಿ ಗಂಡನಿಗೇನು ಕೆಲಸ ಎಂಬ ಈ ಪ್ರಶ್ನೆ ಬಹಳ ಹಳೆಯದೆಂದೂ, 'ನಮ್ಮ ಹಿರಿಯರ ಕಾಲದಲ್ಲಿ ಇವೆಲ್ಲ ಎಲ್ಲಿತ್ತು' ಎಂಬುದೇ ಅದಕ್ಕೆ ಉತ್ತರವೆಂದೂ ನಾವು ತಿಳಿದುಕೊಂಡಿದ್ದೇವೆ. ಅದು ನಿಜವೇ ಎಂದು ನೋಡಲು ಕೆಲವು ದಿನ ಹಳೆಯ ಗ್ರಂಥಗಳನ್ನೂ ಹೊಸ ವರದಿಗಳನ್ನೂ ತಿರುವಿ ಹಾಕಿದೆ. ನನಗೆ ಕಂಡದ್ದು ಬೇರೆಯೇ. ಗಂಡನಿಗೆ ಅಲ್ಲಿ ಒಂದು ಸ್ಥಾನವಿತ್ತು; ಕಾಲಕ್ರಮದಲ್ಲಿ ಆತ ಅಲ್ಲಿಂದ ಹಿಂದೆ ಸರಿದ. ಈಗ ನಮ್ಮಂಥ ಪರವೂರಿನವರ ಮನೆಗಳಲ್ಲಿ ಅವನನ್ನು ಮತ್ತೆ ಅಲ್ಲಿಗೆ ಕರೆಯಲಾಗುತ್ತಿದೆ. ಆ ಕಥೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬೈತಲೆ ತೆಗೆಯುವ ಗಂಡ

ಸೀಮಂತವೆಂದರೆ ಇಂದು ನಮ್ಮ ಕಣ್ಣ ಮುಂದೆ ಬರುವುದು ಹಸಿರು ಸೀರೆ, ಹಸಿರು ಬಳೆ, ಆರತಿ ಮತ್ತು ಫೋಟೋ. ಪದದ ಅರ್ಥವನ್ನೇ ನಾವು ಮರೆತಿದ್ದೇವೆ. ಸೀಮಂತ ಎಂದರೆ ಬೈತಲೆ. ಉನ್ನಯನ ಎಂದರೆ ಮೇಲಕ್ಕೆ ತೆಗೆಯುವುದು. ಸೀಮಂತೋನ್ನಯನವನ್ನು ಮಾಡಬೇಕಾದವನು ಗಂಡನೇ. ಆಶ್ವಲಾಯನ ಗೃಹ್ಯಸೂತ್ರದ ಪ್ರಕಾರ ಗರ್ಭದ ನಾಲ್ಕನೆಯ ತಿಂಗಳಿನಲ್ಲಿ ಗಂಡನು ಎಳೆಯ ಅತ್ತಿಕಾಯಿಗಳ ಗೊಂಚಲು, ಮೂರು ಬಿಳಿಯ ಮಚ್ಚೆಗಳಿರುವ ಮುಳ್ಳುಹಂದಿಯ ಮುಳ್ಳು ಮತ್ತು ದರ್ಭೆ ಹಿಡಿದು ಹೆಂಡತಿಯ ಹಣೆಯಿಂದ ಮೇಲಕ್ಕೆ ಬೈತಲೆ ತೆಗೆಯುತ್ತಾನೆ. ಬಳಿಕ ವೀಣೆ ನುಡಿಸುವವರು ಹಾಡಬೇಕು. ಆ ಹಾಡಿನಲ್ಲಿ ದಂಪತಿಗಳು ಯಾವ ನದಿಯ ದಡದಲ್ಲಿ ವಾಸಿಸುತ್ತಾರೋ ಆ ನದಿಯ ಹೆಸರು ಬರಬೇಕು. ಗೋಭಿಲನ ಸೂತ್ರದಲ್ಲಿ ಇನ್ನೂ ಒಂದು ಸೊಗಸಾದ ವಿಧಿಯಿದೆ. ಎಳ್ಳು ಬೆರೆಸಿದ ಅನ್ನದ ಮೇಲೆ ತುಪ್ಪ ಸುರಿದು, ಅದನ್ನು ಹೆಂಡತಿಗೆ ತೋರಿಸಿ, ಅದರಲ್ಲಿ ಏನು ಕಾಣುತ್ತದೆಂದು ಗಂಡ ಕೇಳುತ್ತಾನೆ. ಸಂತಾನ ಕಾಣುತ್ತದೆಂದು ಆಕೆ ಹೇಳುತ್ತಾಳೆ.

ಇದರಲ್ಲಿ ಮಂತ್ರದ ಮಾತು ಹಾಗಿರಲಿ. ಒಬ್ಬ ಗಂಡಸು ಎಲ್ಲರೆದುರು ಹೆಂಡತಿಯ ತಲೆ ಬಾಚುತ್ತಾನೆ, ಅವಳಿಗೆ ಹಾಡು ಕೇಳಿಸುತ್ತಾನೆ, ಅವಳ ಮನಸ್ಸಿನಲ್ಲೇನಿದೆ ಎಂದು ವಿಚಾರಿಸುತ್ತಾನೆ. ಬಸುರಿಯ ಮನಸ್ಸನ್ನು ಪ್ರಸನ್ನವಾಗಿಡುವುದು ಗಂಡನ ಕರ್ತವ್ಯವೆಂದು ಆ ಕಾಲದವರು ತಿಳಿದಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ವೈದ್ಯಗ್ರಂಥಗಳೂ ಇದನ್ನೇ ಹೇಳುತ್ತವೆ. ಯಾವ ಕಾರ್ಯಕ್ಕೆ ಯಾವುದು ಶ್ರೇಷ್ಠ ಸಾಧನವೆಂದು ಪಟ್ಟಿ ಮಾಡುವಾಗ ಚರಕಸಂಹಿತೆಯು ಗರ್ಭ ನಿಲ್ಲಲು ಮನಸ್ಸಿನ ಪ್ರಸನ್ನತೆಯೇ ಶ್ರೇಷ್ಠವೆಂದು ಎಣಿಸುತ್ತದೆ. ತಾಯಿಯ ಹೃದಯವೊಂದು, ಮಗುವಿನ ಹೃದಯವೊಂದು, ಹೀಗೆ ಎರಡು ಹೃದಯಗಳುಳ್ಳವಳೆಂದು ಸುಶ್ರುತಸಂಹಿತೆ ಬಸುರಿಯನ್ನು 'ದೌಹೃದಿನೀ' ಎಂದು ಕರೆಯುತ್ತದೆ. ಅವಳ ಬಯಕೆಯನ್ನು ತೀರಿಸದಿದ್ದರೆ ಮಗುವಿಗೆ ಕೇಡೆಂದು ಎಚ್ಚರಿಸುತ್ತದೆ. ಆ ಕೇಡಿನ ವಿವರಗಳನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಆದರೆ ಆ ಹೆದರಿಕೆಯಿಂದ ಎಷ್ಟು ಮನೆಗಳಲ್ಲಿ ಎಷ್ಟು ಬಸುರಿಯರ ಮಾತಿಗೆ ಬೆಲೆ ಬಂದಿರಬೇಕು! ಸಂಸ್ಕೃತದ 'ದೋಹದ'ವೇ ನಮ್ಮ ನೆರೆಯ ಮರಾಠಿಗರ ಬಾಯಲ್ಲಿ 'ಡೋಹಾಳೆ' ಆಗಿದೆ. ಅವರ ಡೋಹಾಳೆ ಜೇವಣ, ನಮ್ಮ ಬಯಕೆ ಊಟ ಎರಡೂ ಒಂದೇ ಬೇರಿನ ಚಿಗುರುಗಳು. ಗೃಹ್ಯಸೂತ್ರಗಳ ವಿಧಿ ಎಲ್ಲ ಜಾತಿಯವರದಲ್ಲ, ನಿಜ. ಆದರೆ ಉತ್ತರ ಕರ್ನಾಟಕದ ಕುಬುಸವಿರಲಿ, ಹಳೆಯ ಮೈಸೂರಿನ ಬಳೆ ತೊಡಿಸುವ ಶಾಸ್ತ್ರವಿರಲಿ, ಬಯಕೆಯನ್ನು ಕೇಳಿ ತೀರಿಸುವ ರೂಢಿ ಎಲ್ಲ ಕಡೆಯೂ ಇದೆ.

ಕಾವ್ಯಗಳ ಸಾಕ್ಷಿಯೂ ಉಂಟು. ಕಾಳಿದಾಸನ ರಘುವಂಶದಲ್ಲಿ ಗರ್ಭಿಣಿಯಾದ ಸುದಕ್ಷಿಣೆ ಮಣ್ಣಿನ ರುಚಿಗೆ ಮನಸೋಲುತ್ತಾಳೆ. ನಾಚಿಕೆಯಿಂದ ಗಂಡನಿಗೆ ಏನನ್ನೂ ಹೇಳುವುದಿಲ್ಲ. ದಿಲೀಪ ಮಹಾರಾಜ ಅವಳ ಗೆಳತಿಯರನ್ನು ಮತ್ತೆ ಮತ್ತೆ ಕೇಳಿ, ಆಕೆಗೇನು ಬೇಕೆಂದು ತಿಳಿದುಕೊಳ್ಳುತ್ತಾನೆ. ಇದು ಒಂದು ಚಿತ್ರ. ಇನ್ನೊಂದು ಚಿತ್ರ ಉತ್ತರಕಾಂಡದ್ದು. ಶ್ರೀರಾಮ ಗರ್ಭಿಣಿ ಸೀತೆಯ ಬಯಕೆಯನ್ನು ಕೇಳುತ್ತಾನೆ. ಗಂಗೆಯ ದಡದ ಋಷ್ಯಾಶ್ರಮಗಳನ್ನು ನೋಡಬೇಕೆಂದು ಆಕೆ ಹೇಳುತ್ತಾಳೆ. ಆ ಬಯಕೆಯನ್ನು ತೀರಿಸುವ ನೆಪದಲ್ಲಿಯೇ ಆಕೆಯನ್ನು ಕಾಡಿಗೆ ಕಳುಹಿಸಲಾಗುತ್ತದೆ. ನಮ್ಮ ಲಕ್ಷ್ಮೀಶ ಕವಿಯೂ ಜೈಮಿನಿ ಭಾರತದಲ್ಲಿ ಸೀತಾಪರಿತ್ಯಾಗವನ್ನು ಹಾಡಿದ್ದಾನೆ. ಆ ಭಾಗವನ್ನು ಓದುವಾಗ ಕೇಳುವವರ ಕಣ್ಣು ಒದ್ದೆಯಾಗುವುದು ಏಕೆ? ತುಂಬಿದ ಬಸುರಿ ಅತ್ಯಂತ ನಂಬಿದವನೇ ಆಕೆಯ ಬಳಿ ಇಲ್ಲದೆ ಹೋದನೆಂಬುದರಿಂದ. ಬಯಕೆ ಕೇಳುವುದು ಸುಲಭ, ಬಳಿಯಲ್ಲಿರುವುದು ಕಷ್ಟ ಎಂಬುದನ್ನು ಈ ಕಥೆಗಿಂತ ಚೆನ್ನಾಗಿ ಯಾರೂ ಹೇಳಿಲ್ಲ.

ನನ್ನ ಹಿರಿಯ ಸಹೋದ್ಯೋಗಿ ನಗೆಚಾಟಿಕೆಯಲ್ಲಿ ಆಡಿದ ಮಾತಿಗೂ ಚರಿತ್ರೆಯಿದೆ! ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಎಡ್ಗರ್ ಥರ್ಸ್ಟನ್ನರು ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಕುರಿತು 1909ರಲ್ಲಿ ಏಳು ಸಂಪುಟಗಳನ್ನು ಪ್ರಕಟಿಸಿದರು. ಕೊರವರಲ್ಲಿ ಹೆಂಡತಿ ಹೆತ್ತಾಗ ಗಂಡನೂ ಮಲಗಿ ಪಥ್ಯ ಹಿಡಿಯುವ, ಬಾಣಂತಿಯ ಇಂಗಿನ ಔಷಧವನ್ನು ತಾನೂ ಸೇವಿಸುವ ಪದ್ಧತಿಯನ್ನು ಅವುಗಳಲ್ಲಿ ದಾಖಲಿಸಲಾಗಿದೆ. ಇಂಥದೇ ಪದ್ಧತಿ ಪ್ರಪಂಚದ ಬೇರೆ ಬೇರೆ ಕಡೆಗಳಲ್ಲಿಯೂ ಕಂಡುಬಂದಿದೆ. ನಾಗರಿಕರೆನಿಸಿಕೊಂಡವರು ಅದನ್ನು ಕಂಡು ನಕ್ಕರು. ಮಗು ತನ್ನದೂ ಹೌದು, ನೋವಿನಲ್ಲಿ ತನಗೂ ಪಾಲಿದೆ ಎಂದು ಒಬ್ಬ ತಂದೆ ತನಗೆ ತಿಳಿದ ರೀತಿಯಲ್ಲಿ ಹೇಳುತ್ತಿದ್ದಾನೆಂದು ನನಗೆ ತೋರುತ್ತದೆ.

ತವರಿನ ದಾರಿ

ಹಾಗಾದರೆ ಗಂಡ ಹಿಂದೆ ಸರಿದದ್ದು ಹೇಗೆ? ಒಂದು ಮುಖ್ಯ ಕಾರಣ ತವರು. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕೆಂಬ ನಮ್ಮ ರೂಢಿ ಬಹಳ ವಿವೇಕದ್ದು. ಅತ್ತೆಮನೆಯ ದುಡಿಮೆಯಿಂದ ಬಿಡುಗಡೆ, ತಾಯಿಯ ಕೈಯ ಊಟ, ಎಣ್ಣೆ ನೀರು, ಅಂಟಿನ ಉಂಡಿ, ಮಗು ಅತ್ತರೆ ಎತ್ತಿಕೊಳ್ಳಲು ಹತ್ತು ಕೈಗಳು ಅಲ್ಲಿ ಸಿಗುತ್ತಿದ್ದವು. ಬಾಣಂತನವೆಂಬ ಶಬ್ದದಲ್ಲೇ ಒಂದು ಇಡೀ ಹೆಣ್ಣುಕುಲದ ಅನುಭವ ಅಡಗಿದೆ. ಊರಿನ ಸೂಲಗಿತ್ತಿ ಬರೀ ಮಗುವನ್ನು ಹಿಡಿಯುವವಳಾಗಿರಲಿಲ್ಲ; ಧೈರ್ಯ ಹೇಳುವವಳೂ ಅವಳೇ. ತುಮಕೂರು ಜಿಲ್ಲೆಯ ಪಾವಗಡದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಚರಕಸಂಹಿತೆಯ ಸೂತಿಕಾಗಾರದ ವರ್ಣನೆಯಲ್ಲಿಯೂ ಇದೇ ವ್ಯವಸ್ಥೆಯಿದೆ. ಹೆರಿಗೆಯ ಹೊತ್ತಿನಲ್ಲಿ ಆಕೆಯ ಸುತ್ತ ಇರಬೇಕಾದವರು ತಾವೇ ಹಲವು ಸಲ ಹೆತ್ತ, ಸ್ನೇಹವುಳ್ಳ, ಸಮಾಧಾನ ಹೇಳಬಲ್ಲ ಹೆಂಗಸರೆಂದು ಅದು ವಿಧಿಸುತ್ತದೆ. ಹೆಂಗಸರ ಈ ಕೂಟ ಇಷ್ಟು ಗಟ್ಟಿಯಾಗಿದ್ದುದರಿಂದ ಗಂಡನಿಗೆ ಅಲ್ಲಿ ಕೆಲಸ ಉಳಿಯಲಿಲ್ಲ. ಬಯಕೆ ತೀರಿಸಿ, ಹೆಂಡತಿಯನ್ನು ತವರಿಗೆ ಕಳುಹಿಸಿಕೊಟ್ಟು, ತೊಟ್ಟಿಲ ಶಾಸ್ತ್ರಕ್ಕೆ ಹೋಗಿ ಬಂದರೆ ಅವನ ಕರ್ತವ್ಯ ಮುಗಿಯಿತು. ಕೂಟ ಇರುವಷ್ಟು ಕಾಲ ಇದರಿಂದ ದೊಡ್ಡ ತೊಂದರೆಯೂ ಆಗಲಿಲ್ಲ.

ಚಾಳಿನ ಖೋಲಿ

ಆ ಕೂಟ ಒಡೆದದ್ದು ನಗರದಲ್ಲಿ. ಕಳೆದ ಶತಮಾನದ ಮೊದಲಾರ್ಧದಲ್ಲಿ ಮುಂಬಯಿಯ ಮಿಲ್ಲುಗಳಿಗೂ ಹೋಟೆಲುಗಳಿಗೂ ಬಂದ ನಮ್ಮವರಲ್ಲಿ ಬಹುಪಾಲು ಒಂಟಿ ಗಂಡಸರು. ಹೆಂಡತಿ ಊರಿನಲ್ಲಿ, ಇವರು ಹೋಟೆಲಿನ ಮಾಳಿಗೆಯ ಮೇಲೆ. ಮಗು ಹುಟ್ಟಿದ ಸುದ್ದಿ ಕಾಗದದಲ್ಲಿಯೋ ತಂತಿಯಲ್ಲಿಯೋ ಬರುತ್ತಿತ್ತು. ಗಲ್ಲೆಯ ಬಳಿ ನಿಂತು ಅದನ್ನು ಓದಿ, ಗಿರಾಕಿಗಳಿಗೆ ಚಹ ಕೊಡಲು ಮತ್ತೆ ಓಡುತ್ತಿದ್ದ ತಂದೆಯರ ಕಥೆಗಳನ್ನು ನಮ್ಮ ಸಂಘದ ಹಿರಿಯರಿಂದ ನಾನೇ ಕೇಳಿದ್ದೇನೆ. ವರ್ಷಕ್ಕೊಮ್ಮೆ ಊರಿಗೆ ಹೋದಾಗ ಮಗು ಇವರನ್ನು ಕಂಡು ಅಳುತ್ತಿತ್ತು. ಈಗ ತಂತಿಯೂ ಇಲ್ಲ. 2013ರ ಜುಲೈನಲ್ಲಿ ಆ ಸೇವೆ ನಿಂತುಹೋಯಿತು. ಆದರೆ ಹೆಂಡತಿಯ ಹೆರಿಗೆಯ ಸುದ್ದಿಯನ್ನು ದೂರದಿಂದ ಕೇಳುವ ಗಂಡಸರು ಮುಗಿದಿಲ್ಲ. ತಂತಿಯ ಬದಲು ಮೊಬೈಲು ಬಂದಿದೆ, ಅಷ್ಟೇ.

ಸಂಸಾರವನ್ನು ಕರೆತಂದವರ ಪಾಡು ಇನ್ನೊಂದು ಬಗೆಯದು. ಚಾಳಿನ ಒಂದೇ ಖೋಲಿಯಲ್ಲಿ ಒಲೆ, ಮೋರಿ, ಹಾಸಿಗೆ ಎಲ್ಲವೂ. ಬಡವರ ಹೆಂಗಸರು ಮಿಲ್ಲಿಗೂ ಹೋಗುತ್ತಿದ್ದರು. 1920ರ ದಶಕದ ಆರಂಭದಲ್ಲಿ ಡಾಕ್ಟರ್ ಬಾರ್ನ್ಸ್ ಎಂಬ ವೈದ್ಯೆ ಮುಂಬಯಿ ಸರಕಾರಕ್ಕಾಗಿ ಮಿಲ್ ಕೆಲಸದ ತಾಯಂದಿರ ಸ್ಥಿತಿಯನ್ನು ಪರಿಶೀಲಿಸಿದರು. ಕೆಲಸದ ಹೊತ್ತಿನಲ್ಲಿ ಕೂಸು ಅಳದೆ ಮಲಗಿರಲೆಂದು ಅಫೀಮು ತಿನ್ನಿಸುವ ರೂಢಿಯನ್ನು ಅವರು ಕಂಡರು. ನೋಡಿಕೊಳ್ಳಲು ಅಜ್ಜಿ ಇಲ್ಲದ ಮನೆಯ ಚಿತ್ರವದು. ಪರೇಲಿನಲ್ಲಿ ನೌರೋಸ್‌ಜಿ ವಾಡಿಯಾ ಹೆರಿಗೆ ಆಸ್ಪತ್ರೆ 1926ರಲ್ಲಿ ತೆರೆದದ್ದು ಈ ಕಾರ್ಮಿಕ ಬಡಾವಣೆಯ ನಡುವೆಯೇ. ನಮ್ಮ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಆರಂಭವಾದದ್ದು 1935ರಲ್ಲಿ.

ಆಸ್ಪತ್ರೆಯ ಬಾಗಿಲು

ಆಸ್ಪತ್ರೆಗಳು ಲಕ್ಷಾಂತರ ಜೀವ ಉಳಿಸಿವೆ. ಇದನ್ನು ಮರೆತು ಹಳೆಯದನ್ನು ಹೊಗಳುವುದು ಕೃತಘ್ನತೆಯಾದೀತು. 1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ನೂರಕ್ಕೆ ಸುಮಾರು 26 ಹೆರಿಗೆಗಳು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಶಾ ಕಾರ್ಯಕರ್ತೆಯರು ಮನೆಮನೆಗೆ ನಡೆದರು. 2019–21ರ ಸಮೀಕ್ಷೆಯ ಹೊತ್ತಿಗೆ ಆ ಸಂಖ್ಯೆ 89ಕ್ಕೆ ಏರಿತ್ತು. ಆದರೆ ಈ ಲಾಭದ ಜೊತೆ ಒಂದು ನಷ್ಟವೂ ಆಯಿತು. ಹೆರಿಗೆ ಕೋಣೆಯ ಬಾಗಿಲು ಮುಚ್ಚಿದಾಗ ಗಂಡ ಮಾತ್ರವಲ್ಲ, ತಾಯಿ, ಅತ್ತೆ, ಸೂಲಗಿತ್ತಿ ಎಲ್ಲರೂ ಹೊರಗುಳಿದರು. ಒಳಗೆ ಆಕೆ ಒಬ್ಬಳೇ ಆದಳು.

ಪಶ್ಚಿಮದಲ್ಲಿಯೂ ಹೀಗೆಯೇ ಆಗಿತ್ತು. ಅಲ್ಲಿ ಬಾಗಿಲು ಸರಿಸಿದವುಗಳಲ್ಲಿ ಒಂದು ಕಾರ್ಮಿಕ ಆಸ್ಪತ್ರೆಯೂ ಇತ್ತು ಎಂಬುದು ಗಮನಾರ್ಹ. ಫ್ರಾನ್ಸಿನ ವೈದ್ಯ ಫೆರ್ನಾಂ ಲಮಾಜ್ 1951ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿ, ಉಸಿರಾಟ ಮತ್ತು ಮನಸ್ಸಿನ ಸಿದ್ಧತೆಯಿಂದ ಹೆರಿಗೆಯ ನೋವನ್ನು ತಾಳುವ ವಿಧಾನವನ್ನು ನೋಡಿ ಬಂದರು. ಪ್ಯಾರಿಸಿನ ಲೋಹ ಕಾರ್ಮಿಕರ ಆಸ್ಪತ್ರೆಯಲ್ಲಿ ಅದನ್ನು ಆರಂಭಿಸಿದರು. ಅಲ್ಲಿ ಗಂಡನೂ ಮೊದಲೇ ಕಲಿತು, ಹೆಂಡತಿಯ ಪಕ್ಕದಲ್ಲಿದ್ದು ಧೈರ್ಯ ತುಂಬಬಹುದಾಗಿತ್ತು. ಅಮೆರಿಕದಲ್ಲಿ ರಾಬರ್ಟ್ ಬ್ರಾಡ್ಲಿ ಎಂಬ ವೈದ್ಯರು 1960ರ ದಶಕದಲ್ಲಿ ಗಂಡನನ್ನು ಹೆರಿಗೆ ಕೋಣೆಗೆ ಕರೆಯಬೇಕೆಂದು ವಾದಿಸಿ ಪುಸ್ತಕ ಬರೆದರು.

ಆಮೇಲೆ ಲೆಕ್ಕಾಚಾರದ ಸಾಕ್ಷಿಯೂ ದೊರೆಯಿತು. ಮಧ್ಯ ಅಮೆರಿಕದ ಗ್ವಾಟೆಮಾಲಾದ ಆಸ್ಪತ್ರೆಯೊಂದರಲ್ಲಿ ಕೆಲವು ಹೆಂಗಸರ ಬಳಿ ಹೆರಿಗೆ ಮುಗಿಯುವವರೆಗೂ ಒಬ್ಬ ಸಾಮಾನ್ಯ ಹೆಂಗಸನ್ನು ಕೂರಿಸಿದರು. ಆಕೆ ದಾದಿಯಲ್ಲ, ಪರಿಚಿತಳೂ ಅಲ್ಲ. ಕೈಹಿಡಿಯುವುದು, ಬೆನ್ನು ಸವರುವುದು, ಮಾತಾಡಿಸುವುದು, ಇಷ್ಟೇ ಅವಳ ಕೆಲಸ. 1980ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಜೊತೆಗಾತಿ ಇಲ್ಲದವರಿಗೆ ಹೆರಿಗೆಯಾಗಲು ಸರಾಸರಿ 19.3 ಗಂಟೆ ಹಿಡಿದರೆ, ಇದ್ದವರಿಗೆ 8.8 ಗಂಟೆ ಸಾಕಾಯಿತು. ಮುಂದೆ ಇಂಥ 26 ಪ್ರಯೋಗಗಳನ್ನು, 15,858 ಹೆಂಗಸರ ವಿವರಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಮರ್ಶೆಯೂ, ಜೊತೆಗಾರರಿದ್ದಾಗ ನೋವಿನ ಅವಧಿ ಕಿರಿದಾಗುತ್ತದೆ, ಶಸ್ತ್ರಕ್ರಿಯೆಯ ಹೆರಿಗೆ ಕಡಿಮೆಯಾಗುತ್ತದೆ ಎಂದಿತು.

ರಸಾಯನಶಾಸ್ತ್ರ ಓದಿದವನಿಗೆ ಇದು ಪವಾಡವಾಗಿ ಕಾಣುವುದಿಲ್ಲ. ಗರ್ಭಕೋಶವನ್ನು ಸಂಕುಚಿಸುವಂತೆ ಮಾಡುವುದು ಆಕ್ಸಿಟೋಸಿನ್ ಎಂಬ ರಸ. ಒಂಬತ್ತು ಅಮೈನೋ ಆಮ್ಲಗಳ ಈ ಪುಟ್ಟ ಸರವನ್ನು ಅಮೆರಿಕದ ವಿನ್ಸೆಂಟ್ ದು ವಿನ್ಯೋ 1953ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದರು. 1955ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಹೆದರಿಕೆಯಾದಾಗ ಹೊಮ್ಮುವ ಅಡ್ರಿನಲಿನ್ ಆ ಸಂಕೋಚನಕ್ಕೆ ಅಡ್ಡಿಯಾಗುತ್ತದೆ. ಹೆದರಿದವಳಿಗೆ ಹೆರಿಗೆ ತಡವಾಗುತ್ತದೆಂಬ ಅಜ್ಜಿಯರ ಮಾತಿಗೂ, ಹೆತ್ತು ಅನುಭವವಿರುವ ಸ್ನೇಹಮಯಿ ಹೆಂಗಸರು ಜೊತೆಗಿರಬೇಕೆಂಬ ಚರಕನ ವಿಧಿಗೂ ಹೀಗೆ ಆಧಾರ ಸಿಕ್ಕಿತು.

ಭಾರತ ಸರಕಾರ 2016ರಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿಗೆ ಒಬ್ಬ ಜೊತೆಗಾತಿಗೆ ಅನುಮತಿ ನೀಡಲು ನಿರ್ಧರಿಸಿತು. ಆಕೆ ತಾನೂ ಹೆತ್ತ ಅನುಭವವುಳ್ಳ ಬಂಧುವಾಗಿದ್ದರೆ ಒಳ್ಳೆಯದೆಂದು ಸೂಚಿಸಿತು. ಬೇರೆ ಹೆಂಗಸರ ಮರೆಗೆ ಭಂಗವಾಗದಂತಹ ಏರ್ಪಾಡಿರುವ ಕಡೆ ಗಂಡನೂ ಇರಬಹುದೆಂದಿತು. ಪ್ರತಿಯೊಬ್ಬ ಹೆಂಗಸಿಗೂ ತಾನು ಬಯಸಿದ ಜೊತೆಗಾರರಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿತು. ಇಲ್ಲಿ 'ತಾನು ಬಯಸಿದ' ಎಂಬ ಮಾತೇ ಮುಖ್ಯ. ತಾಯಿ ಬೇಕೆನ್ನುವವಳಿಗೆ ತಾಯಿ, ಗಂಡ ಬೇಕೆನ್ನುವವಳಿಗೆ ಗಂಡ. ಗಂಡನ ಹಕ್ಕೆಂದು ಯಾರೂ ಇದನ್ನು ತಿಳಿಯಬಾರದು.

ಮನಸ್ಸಿನ ಲೆಕ್ಕ

ಮಗು ಹುಟ್ಟಿದ ಮೇಲೆ ಎಲ್ಲರೂ ಮಗುವನ್ನು ನೋಡುತ್ತಾರೆ. ತಾಯಿಯ ಮುಖ ನೋಡುವವರು ಕಡಿಮೆ. ವಿಪರೀತಕ್ಕೆ ಹೋದದ್ದನ್ನು ನಮ್ಮವರು ಬಾಣಂತಿ ಸನ್ನಿ ಎಂದು ಗುರುತಿಸಿದ್ದರು. ಆದರೆ ಸದ್ದಿಲ್ಲದೆ ಬರುವ ಖಿನ್ನತೆಗೆ ಹೆಸರೇ ಇರಲಿಲ್ಲ. 1987ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಇದನ್ನು ಪತ್ತೆಹಚ್ಚಲು ಹತ್ತು ಸರಳ ಪ್ರಶ್ನೆಗಳ ಪಟ್ಟಿಯೊಂದು ಸಿದ್ಧವಾಯಿತು. ಅದೀಗ ಪ್ರಪಂಚದಾದ್ಯಂತ ಬಳಕೆಯಲ್ಲಿದೆ. ನಮ್ಮ ಕರಾವಳಿಗೆ ಹತ್ತಿಕೊಂಡಿರುವ ಗೋವೆಯಲ್ಲಿ ಡಾಕ್ಟರ್ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಬಾಣಂತಿಯರನ್ನು ಪರೀಕ್ಷಿಸಿ, 2002ರಲ್ಲಿ ವರದಿ ಪ್ರಕಟಿಸಿದರು. ಹೆತ್ತ 6ರಿಂದ 8 ವಾರಗಳಲ್ಲಿ ನೂರಕ್ಕೆ 23 ಮಂದಿಗೆ ಖಿನ್ನತೆಯಿತ್ತು. ಬಡತನ, ಗಂಡಹೆಂಡಿರ ನಡುವಿನ ಕೆಟ್ಟ ಸಂಬಂಧ, ಮತ್ತು ಹುಟ್ಟಿದ ಮಗು ಗಂಡೋ ಹೆಣ್ಣೋ ಎಂಬುದು, ಇವು ಮುಖ್ಯ ಕಾರಣಗಳೆಂದು ಅವರು ಕಂಡರು. ಎರಡನೆಯದು ಗಂಡನ ಕೈಯಲ್ಲಿದೆ. ಮೂರನೆಯದರ ನೋವೂ ಬಹುಮಟ್ಟಿಗೆ ಗಂಡ ಮತ್ತು ಅವನ ಮನೆಯವರ ಮಾತಿನಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2009ರಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ದಾಖಲಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗ ಆರಂಭವಾಯಿತು. ತಂದೆಯರೂ ಇದರಿಂದ ಹೊರತಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಸೇರಿಸಿ 2010ರಲ್ಲಿ ಲೆಕ್ಕ ಹಾಕಿದಾಗ ನೂರರಲ್ಲಿ ಸುಮಾರು 10 ತಂದೆಯರು ಹೆರಿಗೆಯ ಹಿಂದುಮುಂದಿನ ತಿಂಗಳುಗಳಲ್ಲಿ ಖಿನ್ನರಾಗಿದ್ದುದು ಕಂಡುಬಂತು. ನೋಡಿಕೊಳ್ಳುವವನ ಮನಸ್ಸನ್ನೂ ಯಾರಾದರೂ ವಿಚಾರಿಸಬೇಕಷ್ಟೆ.

ಇನ್ನು ನನ್ನ ನಗುವಿನ ಕಾರಣವನ್ನು ಹೇಳುತ್ತೇನೆ. 2009ರಲ್ಲಿ ನಮ್ಮ ಹಿರಿಯ ಮಗಳು ಗದಗ ಜಿಲ್ಲೆಯ ನನ್ನ ಅತ್ತೆಮನೆಯಲ್ಲಿ ಹುಟ್ಟಿದಳು. ನಾನು ಮುಂಬಯಿಯಲ್ಲಿದ್ದೆ. ಹದಿನೈದು ದಿನಗಳ ರಜೆ ನನ್ನ ಹಕ್ಕಾಗಿತ್ತು. ದಿನವೂ ಪರರ ಅರ್ಜಿಗಳಿಗೆ ನಿಯಮ ತೋರಿಸಿ ಟಿಪ್ಪಣಿ ಬರೆಯುವ ನಾನು, ನನ್ನ ಅರ್ಜಿಯನ್ನು ಮಾತ್ರ ಬರೆಯಲಿಲ್ಲ. ಜನ ಏನೆಂದಾರೆಂಬ ಸಂಕೋಚ; ಹೆಂಗಸರ ನಡುವೆ ನನಗೇನು ಕೆಲಸ ಎಂಬ ಉಡಾಫೆ. ತೊಟ್ಟಿಲಿಗೆ ಹೋಗಿ ಎರಡು ದಿನವಿದ್ದು ಬಂದೆ. ಹೆಂಡತಿ ಹೆಚ್ಚು ಮಾತಾಡಲಿಲ್ಲ; ಸುಮ್ಮನೆ ಅಳುತ್ತಿದ್ದಳು. ದೃಷ್ಟಿಯಾಗಿದೆ ಎಂದರು, ನಿವಾಳಿಸಿದರು. ನಾನೂ ನಂಬಿದೆ. ಆರು ತಿಂಗಳಲ್ಲಿ ನನ್ನ ರಜೆ ನಿಯಮದಂತೆ ರದ್ದಾಯಿತು. ಆಕೆ ಮೊದಲಿನಂತೆ ನಗಲು ಒಂದು ವರ್ಷದ ಮೇಲಾಯಿತು. ಅದು ಕಾಯಿಲೆಯೆಂಬುದು ನಮ್ಮಿಬ್ಬರಿಗೂ ತಿಳಿದದ್ದು ಬಹಳ ತಡವಾಗಿ. ಎಷ್ಟೋ ವರ್ಷಗಳ ಬಳಿಕ ಒಂದು ಸಂಜೆ ಮಾತಿಗೆ ಮಾತು ಬಂದು ಆಕೆ ಹೇಳಿದಳು: "ನೀವೇನರೆ ಮಾಡಬೇಕಿತ್ತು ಅಂತ ಅಲ್ರಿ. ಬಂದು ಒಂದೀಟು ಬಾಜೂಕ ಕುಂತಿದ್ರ ಸಾಕಿತ್ತು." ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ಕಾನೂನಿನ ಕಣ್ಣಿಗೆ

ಕಾನೂನಾದರೂ ಗಂಡನನ್ನು ಕಂಡದ್ದು ಯಾವಾಗ? ಕಾರ್ಮಿಕ ಹೆಂಗಸಿಗೆ ಹೆತ್ತ ಮೇಲೆ ಆರು ವಾರ ಕಡ್ಡಾಯ ವಿಶ್ರಾಂತಿಯಿರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರಲ್ಲಿಯೇ ಒಪ್ಪಂದ ರೂಪಿಸಿತು. ಮುಂಬಯಿ ವಿಧಾನ ಪರಿಷತ್ತಿನಲ್ಲಿ 1928ರ ಜುಲೈನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಚರ್ಚೆಗೆ ಬಂದಾಗ ಡಾಕ್ಟರ್ ಬಾಬಾಸಾಹೇಬ ಅಂಬೇಡ್ಕರರು ಅದನ್ನು ಬೆಂಬಲಿಸಿ ಮಾತಾಡಿದರು. ಹೆರಿಗೆಯ ಮುಂಚೆಯೂ ಅನಂತರವೂ ತಾಯಿಗೆ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತವೆಂಬುದು ಅವರ ವಾದದ ತಿರುಳು. 1929ರಲ್ಲಿ ಅದು ಕಾನೂನಾಯಿತು. ಇಂಥ ಶಾಸನ ತಂದ ಮೊದಲ ಪ್ರಾಂತ ಮುಂಬಯಿ. ಇಡೀ ದೇಶಕ್ಕೆ ಅನ್ವಯಿಸುವ ಮಾತೃತ್ವ ಸೌಲಭ್ಯ ಅಧಿನಿಯಮ 1961ರಲ್ಲಿ ಬಂತು. 2017ರ ತಿದ್ದುಪಡಿಯಿಂದ 12 ವಾರಗಳ ರಜೆ ಮೊದಲ ಎರಡು ಮಕ್ಕಳಿಗೆ 26 ವಾರಗಳಾಯಿತು. ಕೇಂದ್ರ ಸರಕಾರದ ಮಹಿಳಾ ನೌಕರರ ಹೆರಿಗೆ ರಜೆ 90 ದಿನಗಳಿಂದ 1997ರಲ್ಲಿ 135ಕ್ಕೂ, 2008ರಲ್ಲಿ 180ಕ್ಕೂ ಏರಿತು.

ಇವೆಲ್ಲ ಅಗತ್ಯವಾದ ಗೆಲುವುಗಳು. ಆದರೆ ಇವುಗಳಲ್ಲೆಲ್ಲ ತಂದೆಯ ಹೆಸರಿಲ್ಲ. ಸ್ವೀಡನ್ ದೇಶ 1974ರಲ್ಲಿಯೇ ತಾಯಿಯ ರಜೆಯನ್ನು ತಂದೆತಾಯಿಗಳಿಬ್ಬರೂ ಹಂಚಿಕೊಳ್ಳಬಹುದಾದ ರಜೆಯನ್ನಾಗಿ ಮಾರ್ಪಡಿಸಿತ್ತು. ನಮ್ಮಲ್ಲಿ ಐದನೆಯ ವೇತನ ಆಯೋಗದ ಬಳಿಕ, 1997ರ ಅಕ್ಟೋಬರ್ 7ರ ಆದೇಶದಿಂದ ಕೇಂದ್ರ ಸರಕಾರದ ಪುರುಷ ನೌಕರನಿಗೆ ಹದಿನೈದು ದಿನಗಳ ಪಿತೃತ್ವ ರಜೆ ದೊರೆಯಿತು. ಎರಡಕ್ಕಿಂತ ಕಡಿಮೆ ಮಕ್ಕಳಿರುವವನು ಹೆರಿಗೆಗೆ 15 ದಿನ ಮೊದಲಿನಿಂದ ಹಿಡಿದು ಹೆರಿಗೆಯಾದ ಆರು ತಿಂಗಳೊಳಗೆ ಇದನ್ನು ಪಡೆಯಬಹುದು. ಗಂಡನೂ ಬೇಕು ಎಂದು ಸರಕಾರ ತನ್ನ ನಿಯಮಪುಸ್ತಕದಲ್ಲಿ ಬರೆದ ದಿನವದು.

ಆದರೆ ಇದು ಸರಕಾರಿ ನೌಕರನ ಭಾಗ್ಯ. ಖಾಸಗಿ ಕೆಲಸದವನಿಗೆ ಇಂಥ ರಜೆಯನ್ನು ಕಡ್ಡಾಯಗೊಳಿಸುವ ಶಾಸನ ಬಂದಿಲ್ಲ. ಸಂಸದ ರಾಜೀವ್ ಸಾತವ್ ಅವರು 2017ರಲ್ಲಿ ಲೋಕಸಭೆಯಲ್ಲಿ ಖಾಸಗಿ ಮಸೂದೆಯೊಂದನ್ನು ಮಂಡಿಸಿದ್ದರು, ಅದು ಕಾನೂನಾಗಲಿಲ್ಲ. ಮಾತೃತ್ವ ಸೌಲಭ್ಯಗಳನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಸಿದಾಗಲೂ ತಂದೆಯ ರಜೆ ಅದರಲ್ಲಿ ಸೇರಲಿಲ್ಲ. ಕೆಲವು ದೊಡ್ಡ ಕಂಪೆನಿಗಳು ತಾವಾಗಿಯೇ ಕೊಡುತ್ತವೆ, ನಿಜ. ನಮ್ಮ ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ ದುಡಿಯುವ ಹುಡುಗನಿಗೆ ಯಾರು ಕೊಡುತ್ತಾರೆ? ಹೋಟೆಲು ನಡೆಸುವ ನಮ್ಮ ಸಂಘದ ಸದಸ್ಯರು ಈ ಮಾತನ್ನು ಬೇಸರಿಸದೆ ಮನಸ್ಸಿಗೆ ತಂದುಕೊಳ್ಳಬೇಕೆಂದು ಬಿನ್ನವಿಸುತ್ತೇನೆ. ತಂತಿ ಓದಿ ಮತ್ತೆ ಚಹ ಕೊಡಲು ಓಡಿದವರು ಅವರ ತಂದೆ ಅಜ್ಜಂದಿರೇ ಅಲ್ಲವೆ?

ನದಿಯ ಹೆಸರು

2014ರಲ್ಲಿ ನಮ್ಮ ಎರಡನೆಯ ಮಗು ಕಲ್ಯಾಣದಲ್ಲಿಯೇ ಹುಟ್ಟಿತು. ಅತ್ತೆಯವರು ಮೊಣಕಾಲು ನೋವಿನಿಂದ ಒಂದೇ ತಿಂಗಳಿದ್ದು ಊರಿಗೆ ಮರಳಿದರು. ನಾನು ಹದಿನೈದು ದಿನಗಳನ್ನೂ ತೆಗೆದುಕೊಂಡೆ. ದೊಡ್ಡ ಸಾಹಸವನ್ನೇನೂ ಮಾಡಲಿಲ್ಲ. ನೀರು ಕಾಯಿಸಿದೆ, ಬಟ್ಟೆ ಒಗೆದೆ, ಹಿರಿಯವಳನ್ನು ಶಾಲೆಗೆ ಬಿಟ್ಟು ಬಂದೆ. ರಾತ್ರಿ ಮಗು ಎದ್ದಾಗ ನಾನೂ ಎದ್ದು ಕೂತೆ. ಆ ಸಲ ಆಕೆ ಅಳಲಿಲ್ಲವೆಂದೇನೂ ಅಲ್ಲ. ಅತ್ತಾಗ ನಾನು ಅಲ್ಲಿದ್ದೆ.

ಹಿಂದೆ ಹತ್ತು ಕೈಗಳು ಮಾಡುತ್ತಿದ್ದ ಕೆಲಸ ನಗರದಲ್ಲಿ ಎರಡು ಕೈಗಳ ಮೇಲೆ ಬಿದ್ದಿದೆ. ಹದಿನೈದು ದಿನಗಳು ಅದಕ್ಕೆ ಸಾಲವು. ನಮ್ಮ ಸಂಘಗಳು ಈ ಕೊರತೆಯನ್ನು ಸ್ವಲ್ಪ ತುಂಬಬಲ್ಲವು. ಮಹಿಳಾ ವಿಭಾಗದವರು ಅರಿಸಿನ ಕುಂಕುಮಕ್ಕೆ ಕರೆಯುವಂತೆಯೇ ಹೊಸ ಬಾಣಂತಿಯ ಮನೆಗೆ ವಾರಕ್ಕೊಮ್ಮೆ ಹೋಗಿ, ಮಗುವಿನ ಮುಖ ನೋಡುವ ಮೊದಲು ತಾಯಿಯ ಮುಖ ನೋಡಿ ನಾಲ್ಕು ಕನ್ನಡದ ಮಾತಾಡಿ ಬರಬಹುದು. ಎರಡು ವಾರ ಮೀರಿಯೂ ಆಕೆಯ ಅಳು, ನಿದ್ದೆಗೇಡು, ಬೇಸರ ನಿಲ್ಲದಿದ್ದರೆ ಅದು ದೃಷ್ಟಿಯಲ್ಲ, ವೈದ್ಯರಿಗೆ ತೋರಿಸಬೇಕಾದ ಕಾಯಿಲೆಯಿರಬಹುದು ಎಂದು ಮನೆಯವರಿಗೆ ಹೇಳಬಹುದು. ನಮಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ.

ಸೀಮಂತದ ಹಾಡಿನಲ್ಲಿ ತಾವು ವಾಸಿಸುವ ದಡದ ನದಿಯನ್ನು ಹೆಸರಿಸಬೇಕೆಂದು ಸೂತ್ರ ಹೇಳುತ್ತದೆ ಎಂದೆನಷ್ಟೆ. ಕೃಷ್ಣೆ, ತುಂಗಭದ್ರೆ, ಕಾವೇರಿ, ನೇತ್ರಾವತಿಯರನ್ನು ಬಿಟ್ಟು ಬಂದ ನಾವು ಯಾವ ನದಿಯ ಹೆಸರು ಹೇಳಬೇಕು? ಕಲ್ಯಾಣದ ಪಕ್ಕದಲ್ಲಿ ಹರಿಯುವ ನದಿಯ ಹೆಸರು ಉಲ್ಹಾಸ. ನಮ್ಮ ಭಾಷೆಯ ಉಲ್ಲಾಸವೇ ಅದು. ಬಸುರಿಯ ಮನಸ್ಸಿಗೆ ಚರಕ ಬಯಸಿದ್ದೂ ಅದನ್ನೇ.

ಆ ತರುಣನ ಅರ್ಜಿಗೆ ಅಂದೇ ಟಿಪ್ಪಣಿ ಬರೆದು ಮೇಲಕ್ಕೆ ಕಳುಹಿಸಿದೆ. ಮಂಜೂರಾಯಿತು. ಹೊರಡುವಾಗ ಆತ, "ಸರ್, ಅಲ್ಲಿ ನಾನು ಏನು ಮಾಡಬೇಕು?" ಎಂದು ಕೇಳಿದ. ನನ್ನ ಹೆಂಡತಿಯಿಂದ ಕಲಿತ ಉತ್ತರವನ್ನೇ ಅವನಿಗೆ ಹೇಳಿದೆ: "ಏನೂ ತೋಚದಿದ್ದರೆ ಪಕ್ಕದಲ್ಲಿ ಕೂತಿರಪ್ಪ."